ಬೆರಿಂಬಾವ್ ಬ್ರೆಜಿಲ್‌ದು ಅಂತ ಯಾರು ಹೇಳಿದ್ದು?

ಭಾಗ 1

ಕಳೆದ ವಾರ ಸ್ಟೋರಿಯಲ್ಲಿ ಹದಿನೈದು ಸೆಕೆಂಡಿನ ಒಂದು ವಿಡಿಯೋ ಹಾಕಿ, "ಈ ವಾದ್ಯ ಯಾವ ದೇಶದ್ದು?" ಅಂತ ಪೋಲ್ ಇಟ್ಟಿದ್ದೆ, ನೆನಪಿದೆಯಾ? ಆಳೆತ್ತರದ ಬಿಲ್ಲು, ಅದಕ್ಕೆ ಒಂದೇ ಒಂದು ತಂತಿ, ಕೆಳಗಡೆ ಒಂದು ಸೋರೆಬುರುಡೆ. ಸುತ್ತ ಬಿಳಿ ಪ್ಯಾಂಟಿನ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟುತ್ತಾ ನಿಂತಿದ್ದಾರೆ, ನಡುವೆ ಇಬ್ಬರು ಒಬ್ಬರ ತಲೆಯ ಮೇಲೆ ಒಬ್ಬರು ಕಾಲು ಬೀಸುತ್ತಿದ್ದಾರೆ. ನಿಮ್ಮಲ್ಲಿ ಹೆಚ್ಚಿನವರು "ಬ್ರೆಜಿಲ್" ಒತ್ತಿದ್ರಿ. ಗೇಮ್ ಆಡೋರು, ಡ್ಯಾನ್ಸ್ ಕ್ಲಾಸಿನವರು ಕೂಡಲೇ "ಇದು ಕಪೊಯೆರಾ ಅಲ್ವಾ, ವಾದ್ಯದ ಹೆಸರು ಬೆರಿಂಬಾವ್" ಅಂತ ಬರೆದೂ ಬಿಟ್ರಿ.

ಉತ್ತರ ತಪ್ಪಲ್ಲ. ನನ್ನ ಪ್ರಶ್ನೆಯೇ ಸರಿಯಿರಲಿಲ್ಲ. ಆ ವಾದ್ಯ ಈಗಿರೋದು ಬ್ರೆಜಿಲ್‌ನಲ್ಲಿ, ಆದರೆ ಅದನ್ನ ಹಿಡಿಯೋ ಕೈ ಕಲಿತದ್ದು ಅಟ್ಲಾಂಟಿಕ್ ಸಮುದ್ರದ ಈಚೆ ದಡದಲ್ಲಿ, ಈಗಿನ ಅಂಗೋಲಾ ಇರುವ ಕಡೆ. ಇನ್ನೂ ಮಜಾ ಏನಂದ್ರೆ ಆ ಹೆಸರೂ ಅದರದ್ದಲ್ಲ. "ಬೆರಿಂಬಾವ್" ಅಂದ್ರೆ ಪೋರ್ಚುಗೀಸರ ಬಾಯಲ್ಲಿ ಮೊದಲು ಬೇರೆಯದೇ ಒಂದು ವಾದ್ಯ. ಯಾವುದು ಗೊತ್ತಾ? ನಮ್ಮ ಕಛೇರಿಗಳಲ್ಲಿ ಹಲ್ಲಿಗೆ ಒತ್ತಿಟ್ಟು "ಟೊಂಯ್ ಟೊಂಯ್" ಅಂತ ನುಡಿಸ್ತಾರಲ್ಲ, ಮೋರ್ಸಿಂಗ್, ಅದು!

ಈ ಸರಣಿ ಆ ಹೆಸರು ಹೇಗೆ ಅಂಟಿಕೊಳ್ತು, ಹಳೆ ಹೆಸರುಗಳು ಎಲ್ಲಿ ಹೋದವು, ಮತ್ತು ಹೆಸರೇ ಇಲ್ಲದೆ ಒಂದು ವಾದ್ಯದ ನೆಂಟರನ್ನ ಹೇಗೆ ಗುರುತು ಹಿಡಿಯೋದು ಅನ್ನೋದರ ಬಗ್ಗೆ. ಕೊನೆಗೆ ನಮ್ಮ ಉತ್ತರ ಕನ್ನಡದ ಕಾಡಿನವರೆಗೂ ಬರ್ತೀವಿ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಓದ್ಕೊಳ್ಳಿ.

ಭಾಗ 2

ಮೊದಲು ಅದು ಕೆಲಸ ಮಾಡೋ ರೀತಿ. ಇದು ಗೊತ್ತಿಲ್ಲದೇ ಇದ್ರೆ ಮುಂದಿನದ್ದು ಅರ್ಥ ಆಗಲ್ಲ.

ನಾಲ್ಕರಿಂದ ಐದು ಅಡಿ ಉದ್ದದ, ಬಾಗಿದರೂ ಮುರಿಯದ ಒಂದು ಕೋಲು. ಬ್ರೆಜಿಲ್‌ನಲ್ಲಿ ಬಿರಿಬಾ ಅನ್ನೋ ಮರದ ಕೋಲು ಅಂದ್ರೆ ಪ್ರಾಣ. ಅದನ್ನ ಬಗ್ಗಿಸಿ ಒಂದು ಉಕ್ಕಿನ ತಂತಿ ಬಿಗೀತಾರೆ. ಇವತ್ತು ಆ ತಂತಿ ಬರೋದು ಹೆಚ್ಚಾಗಿ ಹಳೇ ಕಾರಿನ ಟೈರಿನ ಒಳಗಿಂದ, ಟೈರ್ ಕೊಯ್ದು ಎಳೆದು ತೆಗೀತಾರೆ! ಬಿಲ್ಲಿನ ಕೆಳತುದಿಯ ಹತ್ತಿರ, ಒಣಗಿಸಿ ತಿರುಳು ತೆಗೆದು ಬಾಯಿ ಕೊಯ್ದ ಸೋರೆಬುರುಡೆ. ಆ ಬುರುಡೆಯನ್ನ ಒಂದು ದಾರದ ಕುಣಿಕೆ ಹಾಕಿ ಕೋಲಿಗೂ ತಂತಿಗೂ ಸೇರಿಸಿ ಕಟ್ಟಿರ್ತಾರೆ. ಈ ಕುಣಿಕೆಯನ್ನ ನೆನಪಿಟ್ಕೊಳ್ಳಿ. ಇಡೀ ಕಥೆ ನಿಂತಿರೋದೇ ಅದರ ಮೇಲೆ.

ಎಡಗೈ ಕಿರುಬೆರಳು ಆ ಕುಣಿಕೆಯ ಕೆಳಗೆ ಹೋಗಿ ಇಡೀ ವಾದ್ಯದ ಭಾರ ಹೊರತ್ತೆ. ಹೊಸದಾಗಿ ಕಲಿಯೋರು ಮೊದಲ ವಾರವೆಲ್ಲ ಬೈಯೋದು ಈ ಕಿರುಬೆರಳಿನ ನೋವನ್ನೇ. ಅದೇ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದು ನಾಣ್ಯ, ಇಲ್ಲಾಂದ್ರೆ ನುಣುಪಾದ ಕಲ್ಲು. ಬಲಗೈಲಿ ತೆಳ್ಳನೆಯ ಕಡ್ಡಿ. ಜೊತೆಗೆ ಆ ಬಲಗೈ ಬೆರಳಿಗೇ ಸಿಕ್ಕಿಸಿಕೊಂಡ ಪುಟ್ಟ ಹೆಣೆದ ಬುಟ್ಟಿ, ಒಳಗೆ ಬೀಜಗಳು. ಅದರ ಹೆಸರು ಕಶಿಶಿ. ಕಡ್ಡಿ ಬೀಸಿದಾಗೆಲ್ಲ ಅದೂ ಗಿಲಗಿಲ ಅನ್ನತ್ತೆ.

ತಂತಿ ಒಂದೇ ಆದ್ರೂ ಸದ್ದು ಒಂದಲ್ಲ. ಬರೀ ತಂತಿಗೆ ಹೊಡೆದ್ರೆ ಒಂದು ಸ್ವರ. ನಾಣ್ಯ ಒತ್ತಿ ಹೊಡೆದ್ರೆ ಇನ್ನೊಂದು, ಸ್ವಲ್ಪ ಮೇಲಿನದು. ನಾಣ್ಯವನ್ನ ಸುಮ್ನೆ ತಾಗಿಸಿ ಹೊಡೆದ್ರೆ "ಚ್ಶ್" ಅನ್ನೋ ಗೊರಗೊರ. ಇದೆಲ್ಲ ಕೈಕೆಲಸ. ಅಸಲಿ ಮ್ಯಾಜಿಕ್ ಹೊಟ್ಟೇದು. ಬುರುಡೆಯ ಬಾಯಿ ಹೊಟ್ಟೆಗೆ ಅಂಟಿಸಿದ್ರೆ ಸದ್ದು ಮುಚ್ಚಿಕೊಳ್ಳತ್ತೆ, ದೂರ ಮಾಡಿದ್ರೆ ಬಿಚ್ಚಿಕೊಳ್ಳತ್ತೆ. "ವಾಂವ್ ವಾಂವ್" ಅಂತ ಕೇಳಿಸೋದು ಇದೇ. ಮೋರ್ಸಿಂಗ್‌ನಲ್ಲಿ ಬಾಯಿಯ ಪೊಳ್ಳು ಮಾಡೋ ಕೆಲಸವನ್ನ ಇಲ್ಲಿ ಬುರುಡೆ ಮತ್ತು ಹೊಟ್ಟೆ ಸೇರಿ ಮಾಡ್ತವೆ.

ಹಾಗಾಗಿ ಪೋರ್ಚುಗೀಸ್ ಕಿವಿಗೆ ಇದು ಮೋರ್ಸಿಂಗ್ ಥರಾನೇ ಕೇಳಿಸಿರಬೇಕು. "ಬೆರಿಂಬಾವ್ ದೆ ಬರಿಗಾ" ಅಂತ ಕರೆದ್ರು. ಅಂದ್ರೆ ಹೊಟ್ಟೆಯ ಬೆರಿಂಬಾವ್. ಕನ್ನಡದಲ್ಲಿ ಹೇಳೋದಾದ್ರೆ "ಹೊಟ್ಟೆ ಮೋರ್ಸಿಂಗ್"! ಕ್ರಮೇಣ ಹೊಟ್ಟೆ ಬಿದ್ದುಹೋಯ್ತು, ಬೆರಿಂಬಾವ್ ಉಳೀತು.

ಭಾಗ 3

ಈಗ ಹಡಗು.

ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಆಫ್ರಿಕಾದಿಂದ ಹಡಗು ಹತ್ತಿಸಲ್ಪಟ್ಟವರು ಅಂದಾಜು 1 ಕೋಟಿ 25 ಲಕ್ಷ. ಇಳಿದವರು ಸುಮಾರು 1 ಕೋಟಿ 7 ಲಕ್ಷ. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಸಮುದ್ರದಲ್ಲಿದೆ. ಇಳಿದವರಲ್ಲಿ ಸುಮಾರು 48 ಲಕ್ಷ ಜನ ಇಳಿದದ್ದು ಬ್ರೆಜಿಲ್‌ನಲ್ಲಿ. ನಾವು ಸಿನಿಮಾದಲ್ಲಿ ನೋಡೋದೆಲ್ಲ ಅಮೆರಿಕದ ಹತ್ತಿ ಹೊಲಗಳ ಗುಲಾಮಗಿರಿ ಅಲ್ವಾ? ಆದರೆ ಆಫ್ರಿಕಾದಿಂದ ನೇರವಾಗಿ ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದವರು 4 ಲಕ್ಷದ ಆಸುಪಾಸು ಮಾತ್ರ. ಈ ಲೆಕ್ಕ ನನಗೆ ಮೊದಲ ಸಲ ಗೊತ್ತಾದಾಗ ಪುಟವನ್ನ ಎರಡು ಸಲ ಓದಿದ್ದೆ.

ಬ್ರೆಜಿಲ್‌ಗೆ ಹೋದವರಲ್ಲಿ ಬಹುದೊಡ್ಡ ಪಾಲು ಪೋರ್ಚುಗೀಸರ ಹಿಡಿತದಲ್ಲಿದ್ದ ಲುವಾಂಡಾ, ಬೆಂಗೆಲಾ ಬಂದರುಗಳಿಂದ ಹೋದವರು. ಎರಡೂ ಈಗಿನ ಅಂಗೋಲಾದಲ್ಲಿವೆ. ರಿಯೊ ಡಿ ಜನೈರೊದಲ್ಲಿ ಅವರನ್ನ ಇಳಿಸ್ತಿದ್ದ ವಲೊಂಗೊ ಅನ್ನೋ ಕಟ್ಟೆ ಇದೆ. 1843ರಲ್ಲಿ ಹೊಸ ರಾಣಿ ಬರ್ತಾಳೆ ಅಂತ ಅದರ ಮೇಲೆ ಚೆಂದದ ಇನ್ನೊಂದು ಕಟ್ಟೆ ಕಟ್ಟಿ ಮುಚ್ಚಿದ್ರು. 2011ರಲ್ಲಿ ನಗರದ ಕಾಮಗಾರಿಗೆ ಅಗೆದಾಗ ಹಳೇ ಕಲ್ಲುಹಾಸು ಮತ್ತೆ ಮೇಲೆ ಬಂತು. 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಆ ಕಲ್ಲಿನ ಮೇಲೆ ಇಳಿದವರ ಕೈಲಿ ಬಿಲ್ಲೂ ಇರಲಿಲ್ಲ, ಬುರುಡೆಯೂ ಇರಲಿಲ್ಲ. ಮೈಮೇಲಿನ ಬಟ್ಟೆಯನ್ನೇ ಕಿತ್ತುಕೊಂಡು ಹಡಗು ಹತ್ತಿಸೋರು. ಹಾಗಾದ್ರೆ ವಾದ್ಯ ಹೇಗೆ ಹೋಯ್ತು? ವಾದ್ಯ ಹೋಗಲಿಲ್ಲ. ಹೋದದ್ದು ಮಾಡೋ ವಿಧಾನ. ಯಾವ ಕೋಲು ಬಾಗತ್ತೆ, ಕುಣಿಕೆ ಎಲ್ಲಿ ಕಟ್ಟಬೇಕು, ಬುರುಡೆ ಎಷ್ಟು ಕೊಯ್ಯಬೇಕು ಅನ್ನೋದು. ಇದನ್ನ ಯಾವ ಹಡಗಿನ ಕಾವಲುಗಾರನೂ ಕಿತ್ತುಕೊಳ್ಳೋಕೆ ಆಗಲ್ಲ.

ಒಂದು ಅಡ್ಡ ಮಾತು, ಬಿಡೋಕೆ ಮನಸ್ಸು ಬರ್ತಿಲ್ಲ. ಬುರುಡೆ ಅಲ್ಲಿ ಸಿಗ್ತಿತ್ತಾ ಅಂತ ಕೇಳ್ತೀರಿ. ಸಿಗ್ತಿತ್ತು. ನಾವು ಪಲ್ಯ ಮಾಡೋ ಸೋರೆಕಾಯಿಯ ಮೂಲ ಆಫ್ರಿಕಾ. ಮನುಷ್ಯರು ಹಡಗು ಕಟ್ಟೋಕೆ ಸಾವಿರಾರು ವರ್ಷ ಮೊದಲೇ ಅದು ಅಮೆರಿಕ ಖಂಡಗಳಲ್ಲಿತ್ತು. 2014ರಲ್ಲಿ ಬಂದ ಡಿಎನ್‌ಎ ಅಧ್ಯಯನದ ಪ್ರಕಾರ ಅದು ಆಫ್ರಿಕಾದ ಕಡೆಯಿಂದ ಅಟ್ಲಾಂಟಿಕ್ ಪ್ರವಾಹದಲ್ಲಿ ತೇಲಿಕೊಂಡೇ ಹೋಗಿದೆ. ಬುರುಡೆ ತಾನಾಗಿ ದಾಟಿತ್ತು. ಅದನ್ನ ನುಡಿಸೋರನ್ನ ಸಂಕಲೆ ಹಾಕಿ ದಾಟಿಸಿದ್ರು.

ಭಾಗ 4

ಬ್ರೆಜಿಲ್‌ನಲ್ಲಿ ಈ ವಾದ್ಯವನ್ನ ನೋಡಿ ಬರೆದಿಟ್ಟವರಲ್ಲಿ ಒಬ್ಬ ಹೆನ್ರಿ ಕೋಸ್ಟರ್. ಈಶಾನ್ಯ ಬ್ರೆಜಿಲ್‌ನ ಪೆರ್ನಾಂಬುಕೊದಲ್ಲಿ ಇದ್ದು, 1816ರಲ್ಲಿ ಪ್ರವಾಸ ಪುಸ್ತಕ ಪ್ರಕಟಿಸಿದವ. ದೊಡ್ಡ ಬಿಲ್ಲು, ಒಂದು ತಂತಿ, ಅದಕ್ಕೆ ಅರ್ಧ ತೆಂಗಿನ ಚಿಪ್ಪು ಅಥವಾ ಪುಟ್ಟ ಬುರುಡೆ, ಅದನ್ನ ಹೊಟ್ಟೆಗೆ ಇಟ್ಟು ಬೆರಳಿಂದಲೋ ಕಡ್ಡಿಯಿಂದಲೋ ಹೊಡೀತಾರೆ ಅಂತ ಎರಡೇ ಸಾಲಲ್ಲಿ ಮುಗಿಸ್ತಾನೆ. ಅವನಿಗೆ ಇವೆಲ್ಲ ತೀರಾ ಒರಟು ವಾದ್ಯಗಳು. ಒರಟು ಅಂದ್ರೂ ಪರವಾಗಿಲ್ಲ, ಹೊಟ್ಟೆಗೆ ಇಡೋದನ್ನ ಬರೆದನಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಬೇಕು.

ಅದೇ 1816ರಲ್ಲಿ ಫ್ರಾನ್ಸಿನ ಚಿತ್ರಕಾರ ಜಾನ್ ಬಪ್ತಿಸ್ತ್ ದೆಬ್ರೆ ರಿಯೊಗೆ ಬಂದ. ಬಂದದ್ದು ರಾಜಮನೆತನದ ಚಿತ್ರ ಬರೆಯೋಕೆ. ಆದರೆ ಹದಿನೈದು ವರ್ಷ ಬೀದಿ ಸುತ್ತಿ ನೀರು ಹೊರೋರು, ತಿಂಡಿ ಮಾರೋರು, ಚಾಟಿ ಏಟು ತಿನ್ನೋರು, ಎಲ್ಲರನ್ನೂ ಬರೆದ. 1826ರ ಒಂದು ಜಲವರ್ಣದಲ್ಲಿ ಒಬ್ಬ ಕಪ್ಪು ವಾದಕ ಈ ಬಿಲ್ಲು ಹಿಡಿದಿದ್ದಾನೆ, ಬುರುಡೆ ಬರಿಹೊಟ್ಟೆಯ ಮೇಲೆ. ದೆಬ್ರೆ ಕೊಟ್ಟ ಹೆಸರು ಬೆರಿಂಬಾವ್ ಅಲ್ಲ, "ಉರುಕುಂಗು". ಪುಸ್ತಕದಲ್ಲಿ "ಒರಿಕಾಂಗೊ" ಅಂತಲೂ ಬರತ್ತೆ. ಆ ಕಾಲದ ಬರಹಗಳನ್ನ ಹುಡುಕಿದ್ರೆ ಇನ್ನೂ ಹೆಸರುಗಳು ಸಿಗ್ತವೆ, "ಬುಕುಂಬುಂಬಾ" ಸೇರಿ. ಇವೆಲ್ಲ ಮಧ್ಯ ಆಫ್ರಿಕಾದ ಭಾಷೆಗಳ ಬಣ್ಣದ ಹೆಸರುಗಳು. ಅಂಗೋಲಾದಲ್ಲಿ ಇವತ್ತಿಗೂ ಇಂಥ ವಾದ್ಯಕ್ಕೆ "ಹುಂಗು" ಅಂತಾರೆ. ಉರುಕುಂಗು, ಹುಂಗು, ಎರಡನ್ನೂ ಜೋರಾಗಿ ಹೇಳಿ ನೋಡಿ.

ದೆಬ್ರೆಯ ಚಿತ್ರವನ್ನ ಝೂಮ್ ಮಾಡಿ ನೋಡಿ. ಬಲಗೈಲಿ ಕಡ್ಡಿ ಮಾತ್ರ ಇದೆ. ಕಶಿಶಿ ಇಲ್ಲ! ಆ ಗಿಲಗಿಲ ಬುಟ್ಟಿ ಆಮೇಲೆ ಸೇರಿಕೊಂಡದ್ದು. ಕಶಿಶಿಯೂ ಆಫ್ರಿಕಾದ್ದೇ, ಆದರೆ ಇದೇ ಕೈಗೆ ಎರಡನ್ನೂ ಸೇರಿಸಿದ್ದು ಬ್ರೆಜಿಲ್. ಹಾಗಾಗಿ "ಆಫ್ರಿಕಾದ್ದನ್ನ ಇದ್ದ ಹಾಗೇ ಕಾಪಾಡಿದ್ರು" ಅನ್ನೋ ಮಾತೂ ಪೂರ್ತಿ ಸರಿ ಅಲ್ಲ. ಅವರು ಮ್ಯೂಸಿಯಂ ಕಾವಲುಗಾರರಲ್ಲ, ಸಂಗೀತಗಾರರು. ಸಿಕ್ಕಿದ್ದನ್ನ ಸೇರಿಸಿದ್ರು.

ಮತ್ತೆ ಇವರು ನುಡಿಸ್ತಿದ್ದದ್ದು ಎಲ್ಲಿ? ಅಖಾಡದಲ್ಲಿ ಅಲ್ಲ. ಬೀದಿಯಲ್ಲಿ, ಭಿಕ್ಷೆಗೆ, ಗಿರಾಕಿ ಕರೆಯೋಕೆ, ಹಾಡಿನ ಜೊತೆಗೆ. ಇದು ಮುಂದಿನ ಭಾಗಕ್ಕೆ ಬೇಕು.

ಭಾಗ 5

ಇಲ್ಲಿ ನಾನು ನಿಮ್ಮ ಫೇವರಿಟ್ ರೀಲ್ ಒಂದನ್ನ ಹಾಳು ಮಾಡ್ತೀನಿ, ಸಾರಿ.

ರೀಲ್ ಹೇಳೋದು ಹೀಗೆ: ಗುಲಾಮರು ಯುದ್ಧಕಲೆ ಕಲೀತಿದ್ರು, ಯಜಮಾನ ಬಂದಾಗ ಬೆರಿಂಬಾವ್ ನುಡಿಸಿ ಅದನ್ನ ಕುಣಿತ ಅಂತ ತೋರಿಸ್ತಿದ್ರು, ಹೀಗೆ ಕಪೊಯೆರಾ ಹುಟ್ಟಿತು. ಹಿನ್ನೆಲೆಗೆ ಮೈ ಜುಮ್ ಅನ್ನಿಸೋ ಮ್ಯೂಸಿಕ್ಕು. ಲಕ್ಷ ಲೈಕು.

ಜರ್ಮನ್ ಚಿತ್ರಕಾರ ರುಗೆಂಡಾಸ್ 1835ರಲ್ಲಿ ಪ್ರಕಟಿಸಿದ ಪ್ರಸಿದ್ಧ ಚಿತ್ರವೊಂದಿದೆ, ಹೆಸರೇ "ಕಪೊಯೆರಾ ಆಡೋದು". ಇಬ್ಬರು ಎದುರುಬದುರು, ಸುತ್ತ ಜನ, ಒಬ್ಬ ಚಪ್ಪಾಳೆ ತಟ್ತಿದ್ದಾನೆ. ವಾದ್ಯ? ಒಬ್ಬ ಕಾಲ ನಡುವೆ ಡೋಲು ಇಟ್ಕೊಂಡು ಬಡೀತಿದ್ದಾನೆ, ಅಷ್ಟೇ. ಬಿಲ್ಲು ಎಲ್ಲೂ ಇಲ್ಲ. ಅದೇ ಕಾಲ, ಅದೇ ದೇಶ. ದೆಬ್ರೆಯ ಚಿತ್ರದಲ್ಲಿ ಬಿಲ್ಲಿದೆ, ಕಪೊಯೆರಾ ಇಲ್ಲ. ರುಗೆಂಡಾಸ್ ಚಿತ್ರದಲ್ಲಿ ಕಪೊಯೆರಾ ಇದೆ, ಬಿಲ್ಲಿಲ್ಲ. ಎರಡೂ ಆಫ್ರಿಕಾದ ಜನರದ್ದೇ, ಆದರೆ ಇನ್ನೂ ಭೇಟಿ ಆಗಿರಲಿಲ್ಲ. ಭೇಟಿ ಆದದ್ದು ತುಂಬಾ ತಡವಾಗಿ, ಬಾಹಿಯಾ ಪ್ರಾಂತದ ಕಡೆ.

1888ರ ಮೇ 13ಕ್ಕೆ ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯ್ತು. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯ 402ನೇ ಕಲಮಿನಲ್ಲಿ ಬೀದಿಯಲ್ಲಿ ಕಪೊಯೆರಾ ಆಡೋದೇ ಅಪರಾಧ ಆಯ್ತು. ಎರಡರಿಂದ ಆರು ತಿಂಗಳು ಜೈಲು. ಸ್ವಾತಂತ್ರ್ಯ ಕೊಟ್ಟ ಕೈಯೇ ಅಷ್ಟು ಬೇಗ ಬಾಗಿಲು ಹಾಕಿತು. ರಿಯೊದಲ್ಲಿ ಕಪೊಯೆರಾ ಬಹುಮಟ್ಟಿಗೆ ಅಳಿಸಿಹೋಯ್ತು. ಬಾಹಿಯಾದ ಸಾಲ್ವಡೋರ್ ನಗರದಲ್ಲಿ ಹೇಗೋ ಉಸಿರಾಡ್ತಾ ಇತ್ತು. ಅಲ್ಲಿ ಬಿಲ್ಲು ಅದರ ಜೊತೆ ಸೇರಿ, ಬರಬರುತ್ತಾ ಯಜಮಾನನೇ ಆಗಿಬಿಡ್ತು. "ಕವಲರಿಯಾ" ಅಂತ ಒಂದು ನುಡಿಸಾಣಿಕೆ ಇದೆ, ಅಂದ್ರೆ ಅಶ್ವದಳ. ಕುದುರೆ ಗೊರಸಿನ ಸದ್ದಿನ ಹಾಗೆ ಕೇಳಿಸತ್ತೆ. ಪೊಲೀಸರ ಕುದುರೆ ಬಂತು, ಓಡಿ ಅಂತ ಹೇಳೋ ಸಿಗ್ನಲ್ ಇದು ಅಂತ ಕಪೊಯೆರಾ ಗುರುಗಳು ಇವತ್ತಿಗೂ ಹೇಳಿಕೊಡ್ತಾರೆ.

1932ರಲ್ಲಿ ಮೆಸ್ತ್ರೆ ಬಿಂಬಾ ಸಾಲ್ವಡೋರ್‌ನಲ್ಲಿ ಶಾಲೆ ತೆರೆದ. ಕದ್ದುಮುಚ್ಚಿ ಬೀದಿಯಲ್ಲಿ ಆಡ್ತಿದ್ದದ್ದು ನಾಲ್ಕು ಗೋಡೆ ಒಳಗೆ ಪಾಠ ಆಯ್ತು. 1940ರ ಹೊಸ ದಂಡಸಂಹಿತೆಯಲ್ಲಿ ಆ ಅಪರಾಧ ಇರಲಿಲ್ಲ. 1953ರಲ್ಲಿ ಬಿಂಬಾ ಅಧ್ಯಕ್ಷ ವರ್ಗಾಸ್ ಎದುರು ಪ್ರದರ್ಶನ ಕೊಟ್ಟ. ಜೈಲಿಗೆ ಹಾಕ್ತಿದ್ದ ಆಟ ರಾಷ್ಟ್ರೀಯ ಆಟ ಅನ್ನಿಸ್ಕೊಳ್ತು. ಬೆರಿಂಬಾವ್ ಪೋಸ್ಟ್‌ಕಾರ್ಡ್ ಮೇಲೆ ಬಂತು, ಟೂರಿಸ್ಟ್ ಅಂಗಡಿಯಲ್ಲಿ ಬಣ್ಣ ಬಳಿದು ನೇತು ಹಾಕಿದ್ರು. 2014ರಲ್ಲಿ ಕಪೊಯೆರಾದ ವೃತ್ತವನ್ನ ಯುನೆಸ್ಕೊ ಪರಂಪರೆ ಅಂತ ಘೋಷಿಸಿತು.

ಈ ಇಡೀ ಪ್ರಮೋಷನ್ನಲ್ಲಿ ಒಂದು ಬಿದ್ದುಹೋಯ್ತು ನೋಡಿ. "ಬ್ರೆಜಿಲ್‌ನ ವಾದ್ಯ" ಅಂತ ಹೆಮ್ಮೆಯಿಂದ ಹೇಳುವಾಗ ಉರುಕುಂಗು, ಬುಕುಂಬುಂಬಾ ಅನ್ನೋ ಮಾತುಗಳು ಯಾರ ಬಾಯಲ್ಲೂ ಉಳೀಲಿಲ್ಲ. ಅವಮಾನದ ಕಾಲದಲ್ಲಿ ಅದು ಆಫ್ರಿಕಾದ್ದು, ಒರಟು. ಹೆಮ್ಮೆಯ ಕಾಲದಲ್ಲಿ ಅದು ರಾಷ್ಟ್ರದ್ದು.

ಮರೆಯದೇ ಇದ್ದವರೂ ಇದ್ರು. ಮೆಸ್ತ್ರೆ ಪಾಸ್ತಿನ್ಯಾ, 1889ರಲ್ಲಿ ಹುಟ್ಟಿದವನು. ಚಿಕ್ಕವನಿದ್ದಾಗ ಬೀದಿಯಲ್ಲಿ ಒಬ್ಬ ಹುಡುಗ ದಿನಾ ಹೊಡೀತಿದ್ನಂತೆ. ಕಿಟಕಿಯಿಂದ ನೋಡಿದ ಬೆನೆದಿತೊ ಅನ್ನೋ ಅಂಗೋಲಾದ ಮುದುಕ ಕರೆದು ಕಪೊಯೆರಾ ಹೇಳಿಕೊಟ್ಟ ಅಂತ ಪಾಸ್ತಿನ್ಯಾನೇ ಹೇಳ್ಕೊಳ್ತಿದ್ದ. ಅವನು ಕಟ್ಟಿದ ಶಾಲೆಯ ಪದ್ಧತಿಯ ಹೆಸರೇ "ಕಪೊಯೆರಾ ಅಂಗೋಲಾ". ಅದರಲ್ಲಿ ಮೂರು ಬೆರಿಂಬಾವ್. ಅತಿ ಮಂದ್ರದ್ದು ಗುಂಗಾ, ನಡುವಿನದು ಮೆಜಿಯೊ, ಸಣ್ಣದು ವಿಯೋಲಾ. ಆಟ ಶುರು ಮಾಡೋದು, ನಿಲ್ಲಿಸೋದು ಗುಂಗಾ. ಆಡೋರು ಮೊದಲು ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೇ ಒಳಗೆ ಹೋಗಬೇಕು. 1966ರಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ಕಪ್ಪು ಜನರ ಕಲೆಗಳ ಮೊದಲ ವಿಶ್ವ ಉತ್ಸವ ನಡೆದಾಗ, ಎಪ್ಪತ್ತೇಳನೆಯ ವಯಸ್ಸಿಗೆ ಕಾಲಿಡ್ತಿದ್ದ ಈ ಮನುಷ್ಯ ಆಫ್ರಿಕಾದ ನೆಲ ಮುಟ್ಟಿದ. 1981ರಲ್ಲಿ ತೀರಿಹೋದ. ಆಗ ಕಣ್ಣಿರಲಿಲ್ಲ, ಶಾಲೆಯ ಕಟ್ಟಡವೂ ಕೈಬಿಟ್ಟಿತ್ತು, ಕಾಸೂ ಇರಲಿಲ್ಲ.

ಭಾಗ 6

ಸರಿ, ಅಂಗೋಲಾದ್ದೇ ಅಂತ ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳೋದು? ಬಿಲ್ಲಿಗೆ ತಂತಿ ಇದ್ದು ಸದ್ದು ಬಂದ್ರೆ ಎಲ್ಲವೂ ನೆಂಟರಾ?

ಅಲ್ಲ. ತಮಿಳುನಾಡಿನ ವಿಲ್ಲುಪಾಟ್ಟು ನೋಡಿದ್ದೀರಲ್ಲ, ಉದ್ದ ಬಿಲ್ಲನ್ನ ಮಡಕೆಯ ಮೇಲೆ ಅಡ್ಡ ಇಟ್ಟು ಗೆಜ್ಜೆ ಕಟ್ಟಿ ಹೊಡೀತಾರೆ. ಕೇರಳದಲ್ಲಿ ಓಣವಿಲ್ಲು ಇದೆ. ಬಿಲ್ಲನ್ನ ಮೀಟಿದ್ರೆ ಸದ್ದು ಬರತ್ತೆ ಅನ್ನೋದು ಬೇಟೆಗಾರರಿದ್ದ ಎಲ್ಲಾ ಕಡೆ ಯಾರಿಗಾದ್ರೂ ಹೊಳೆಯಬಹುದಾದ ವಿಷಯ. ಇನ್ನು ನಮ್ಮ ತತ್ತ್ವಪದದವರ ಏಕತಾರಿಗೂ ಒಂದು ತಂತಿ, ಒಂದು ಬುರುಡೆ. ಆದರೆ ಅದರಲ್ಲಿ ತಂತಿಯ ಬಿಗಿತ ಬಿಲ್ಲಿನ ಬಾಗಿನಿಂದ ಬರಲ್ಲ, ಬೆರಳಿಂದ ಮೀಟ್ತಾರೆ, ಹೊಟ್ಟೆಗೆ ತೆರೆದು ಮುಚ್ಚೋ ಆಟ ಇಲ್ಲ. ಬೇರೆ ಕುಟುಂಬ.

ನೆಂಟಸ್ತಿಕೆ ಗೊತ್ತಾಗೋದು ಸಣ್ಣ ಸಣ್ಣ ಅಭ್ಯಾಸಗಳಲ್ಲಿ. ಆಸ್ಟ್ರಿಯಾದ ಗೆರ್ಹಾರ್ಡ್ ಕುಬಿಕ್ ಅನ್ನೋ ಸಂಗೀತಶೋಧಕ 1965ರಲ್ಲಿ ನೈಋತ್ಯ ಅಂಗೋಲಾದ ಹಳ್ಳಿಗಳನ್ನ ಸುತ್ತಿದ. ಅಲ್ಲಿ "ಮ್ಬುಲುಂಬುಂಬಾ" ಅನ್ನೋ ವಾದ್ಯ ರೆಕಾರ್ಡ್ ಮಾಡಿದ. ಬುರುಡೆ ಇರೋ ಜಾಗ, ಕುಣಿಕೆ, ಹಿಡಿಯೋ ರೀತಿ, ಕಡ್ಡಿಯಲ್ಲಿ ಹೊಡೆಯೋ ರೀತಿ, ಹೊಟ್ಟೆಗೆ ತಾಗಿಸೋದು, ಎರಡು ಸ್ವರಗಳ ನಡುವಿನ ಅಂತರ ಕೂಡ ಬಾಹಿಯಾದ ಬೆರಿಂಬಾವ್‌ಗೆ ಹೊಂದಿಕೆ ಆಯ್ತು. ಒಂದು ಅಂಶ ಹೊಂದಿದ್ರೆ ಆಕಸ್ಮಿಕ. ಆರೂ ಒಟ್ಟಿಗೆ ಹೊಂದಿದ್ರೆ ಅದು ಕಲಿಸಿಕೊಟ್ಟದ್ದು, ಕೈಯಿಂದ ಕೈಗೆ. ಇಲ್ಲಿಗೆ ಹಳೇ ಬುಕುಂಬುಂಬಾ ಎಲ್ಲಿಂದ ಬಂತು ಅಂತಲೂ ಅರ್ಥ ಆಯ್ತಲ್ಲ? ಕ್ಯೂಬಾದಲ್ಲಿ ಫೆರ್ನಾಂಡೊ ಒರ್ಟಿಸ್ ಅನ್ನೋ ವಿದ್ವಾಂಸ ದಾಖಲಿಸಿದ ಇಂಥದೇ ವಾದ್ಯದ ಹೆಸರು "ಬುರುಂಬುಂಬಾ". ಸಮುದ್ರದ ಎರಡು ದಡ, ಮೂರು ದೇಶ, ಒಂದೇ ಬುಂಬುಂ.

ಅದಕ್ಕೂ ಮೊದಲೇ, 1940ರಲ್ಲಿ, ಲೊರೆಂಜೊ ಡೌ ಟರ್ನರ್ ಅನ್ನೋ ಕಪ್ಪು ಅಮೆರಿಕನ್ ಭಾಷಾತಜ್ಞ ಬಾಹಿಯಾಗೆ ಹೋಗಿ ಬಿಂಬಾ ಮತ್ತಿತರರ ಬೆರಿಂಬಾವ್ ಮುದ್ರಿಸಿಕೊಂಡಿದ್ದ. ತನ್ನ ಜನರ ಮಾತಲ್ಲಿ ಆಫ್ರಿಕಾದ ಪದಗಳು ಉಳಿದಿವೆ ಅಂತ ಸಾಬೀತು ಮಾಡೋಕೆ ಜೀವನ ಕೊಟ್ಟ ಮನುಷ್ಯ. ಅವನ ಬಗ್ಗೆ ಬೇರೆ ಸರಣಿನೇ ಬರೀಬೇಕು.

ಭಾಗ 7

ಈಗ ಉಳಿದ ನೆಂಟರು.

ದಕ್ಷಿಣ ಆಫ್ರಿಕಾದಲ್ಲಿ ಈ ಕುಟುಂಬ ಹೆಂಗಸರ ಕೈಲಿತ್ತು. ಷೋಸಾ ಜನರ "ಉಹಾದಿ", ಜುಲು ಜನರ "ಉಗುಬು" ಮತ್ತು "ಉಮಾಖ್ವೆಯಾನಾ". ಮೊದಲೆರಡರಲ್ಲಿ ತಂತಿಯನ್ನ ನಡುವೆ ಕಟ್ಟಲ್ಲ. ಬುರುಡೆಯ ಬಾಯಿ ಎದೆಯ ಕಡೆಗೆ. ಸದ್ದು ಸಣ್ಣದು, ಹೊರಗಿನವರಿಗೆ ಕೇಳಿಸೋಕೆ ಅಲ್ಲ, ತನಗೇ ತಾನು ಹಾಡಿಕೊಳ್ಳೋಕೆ. ಪ್ರೀತಿ, ಮುನಿಸು, ಬಿಟ್ಟುಹೋದವನ ಮೇಲಿನ ಸಿಟ್ಟು. ಜುಲು ರಾಜವಂಶದ ಕಾನ್ಸ್ಟನ್ಸ್ ಮಗೋಗೊ (1900–1984) ಉಗುಬು ನುಡಿಸ್ತಾ ಹಾಡ್ತಿದ್ಳು, ಸಂಶೋಧಕರು ರೆಕಾರ್ಡ್ ಮಾಡಿಕೊಂಡರು, 2002ರಲ್ಲಿ ಅವಳ ಜೀವನದ ಮೇಲೆ ಜುಲು ಭಾಷೆಯಲ್ಲೇ ಒಪೆರಾ ಬಂತು. ಉಹಾದಿಯ ಮಹಾನ್ ವಾದಕಿ ಮಡೋಸಿನಿ 2022ರ ಡಿಸೆಂಬರ್‌ನಲ್ಲಿ ತೀರಿಕೊಂಡ್ಳು. ಅವಳು ಮೋರ್ಸಿಂಗ್ ಥರದ ವಾದ್ಯವನ್ನೂ ನುಡಿಸ್ತಿದ್ಳು. ಅಂದ್ರೆ ಪೋರ್ಚುಗೀಸರು ಹೆಸರಲ್ಲಿ ಬೆರೆಸಿಬಿಟ್ಟ ಎರಡು ವಾದ್ಯಗಳೂ ಅವಳ ಕೈಲಿ ಬೇರೆ ಬೇರೆಯಾಗಿ, ಒಟ್ಟಿಗೇ ಇದ್ದವು. ಇದನ್ನ ಓದಿದ ಮೇಲೆ ಅವಳ ಒಂದು ವಿಡಿಯೋ ನೋಡಿ. ದಯವಿಟ್ಟು ಹೆಡ್‌ಫೋನ್ ಹಾಕಿ, ಮೊಬೈಲ್ ಸ್ಪೀಕರ್‌ನಲ್ಲಿ ಮೇಲಿನ ಸಣ್ಣ ಸ್ವರಗಳು ಕೇಳಿಸೋದೇ ಇಲ್ಲ.

ಹಿಂದೂ ಮಹಾಸಾಗರದ ಕಡೆ ಬಂದ್ರೆ ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ "ಬೊಬ್ರ್". ಅಲ್ಲಿನ ಕಬ್ಬಿನ ತೋಟಗಳಿಗೆ ಮೊಜಾಂಬಿಕ್, ಮಡಗಾಸ್ಕರ್‌ನಿಂದ ಎಳೆದು ತಂದವರ ಬಿಲ್ಲು. ರಿಯೂನಿಯನ್‌ನ ಮಲೋಯಾ ಸಂಗೀತವನ್ನ ಅಧಿಕಾರಿಗಳು ಎಷ್ಟೋ ಕಾಲ ಒತ್ತಿಹಿಡಿದಿದ್ರು, 2009ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಸೇರಿತು. ಮೊದಲು ತುಳಿಯೋದು, ಆಮೇಲೆ ಫ್ರೇಮ್ ಹಾಕೋದು. ಬೇರೆ ಬೇರೆ ಸರ್ಕಾರ, ಒಂದೇ ಅಭ್ಯಾಸ.

ಅಮೆರಿಕದ ಮಿಸಿಸಿಪಿ ಕಡೆಯ "ಡಿಡ್ಲಿ ಬೋ" ಬಗ್ಗೆ ಕೇಳಿದ್ರಿ ಒಬ್ಬರು. ಪೊರಕೆಗೆ ಸುತ್ತಿರೋ ತಂತಿ ಬಿಚ್ಚಿ ಮನೆ ಗೋಡೆಗೆ ಮೊಳೆ ಹೊಡೆದು, ಕೆಳಗೆ ಬಾಟಲಿ ತೂರಿಸಿ ಮಕ್ಕಳು ನುಡಿಸ್ತಿದ್ದದ್ದು. ಎಷ್ಟೋ ಬ್ಲೂಸ್ ಗಿಟಾರ್ ವಾದಕರ ಮೊದಲ ಪಾಠ ಅದೇ. ಒಂದೇ ತಂತಿ, ಆಫ್ರಿಕಾದ ಬೇರು, ನಿಜ. ಆದರೆ ಹೆಸರಲ್ಲಿ ಬೋ ಇದ್ರೂ ಅದು ಬಿಲ್ಲಲ್ಲ, ಬುರುಡೆ ಇಲ್ಲ, ಹೊಟ್ಟೆಯ ಆಟವೂ ಇಲ್ಲ. ದೂರದ ನೆಂಟ, ದೊಡ್ಡಪ್ಪನ ಕಡೆಯವನು ಅಂತಿಟ್ಕೊಳ್ಳಿ.

ಮತ್ತೆ ವೇದಿಕೆಯ ಮೇಲೆ? ಬ್ರೆಜಿಲ್‌ನ ನನಾ ವಸ್ಕೊನ್ಸೆಲೊಸ್ (1944–2016). ಕಪೊಯೆರಾದಿಂದ ಬಿಡಿಸಿ ಬೆರಿಂಬಾವ್ ಒಂದನ್ನೇ ಕಛೇರಿ ವಾದ್ಯ ಮಾಡಿದವನು. ಡಾನ್ ಚೆರಿ, ಸಿತಾರ್ ನುಡಿಸ್ತಿದ್ದ ಕಾಲಿನ್ ವಾಲ್ಕಟ್ ಜೊತೆ "ಕೊಡೋನಾ" ಅನ್ನೋ ತ್ರಿವಳಿ ಇತ್ತು. ಬೆರಿಂಬಾವ್ ಪಕ್ಕದಲ್ಲಿ ಸಿತಾರ್ ಕೇಳಬೇಕು ಅಂತಿದ್ರೆ ಅಲ್ಲಿ ಹುಡುಕಿ.

ಭಾಗ 8 (ಇದೇ ಕೊನೆ)

ಪೋರ್ಚುಗೀಸರ ಹಡಗುಗಳು ಪಶ್ಚಿಮಕ್ಕೆ ಮಾತ್ರ ಹೋಗಲಿಲ್ಲ. ಲುವಾಂಡಾದಿಂದ ಬ್ರೆಜಿಲ್‌ಗೆ ಜನರನ್ನ ಒಯ್ದ ಅದೇ ಬಾವುಟ, ಮೊಜಾಂಬಿಕ್‌ನಿಂದ ಗೋವಾಕ್ಕೂ ಒಯ್ದಿತು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ರು. ಅವರ ಮಕ್ಕಳ ಮಕ್ಕಳೇ ನಮ್ಮ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸುತ್ತಮುತ್ತ. ಕೊಂಕಣಿ, ಕನ್ನಡ ಮಾತಾಡೋರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಇವರಲ್ಲಿ ಗಟ್ಟಿಯಾಗಿ ಉಳಿದ ಸದ್ದು ಚರ್ಮದ್ದು: ಡಮಾಮಿ. ಜಿಲ್ಲಾ ಉತ್ಸವಗಳಲ್ಲಿ ನೋಡಿರ್ತೀರಿ. ಬಿಲ್ಲಲ್ಲ, ಡೋಲು. ರುಗೆಂಡಾಸ್ ಚಿತ್ರದ ಹಾಗೆ.

ಬಿಲ್ಲು ಉಳಿದದ್ದು ಗುಜರಾತ್‌ನಲ್ಲಿ. ಭರೂಚ್ ಜಿಲ್ಲೆಯ ರತನ್‌ಪುರದ ಗುಡ್ಡದ ಮೇಲೆ ಬಾವಾ ಗೋರ್ ದರ್ಗಾ ಇದೆ. ಆಫ್ರಿಕಾದಿಂದ ಬಂದು ಅಕೀಕ್ ಕಲ್ಲಿನ ವ್ಯಾಪಾರ ಬೆಳೆಸಿದ ಸಂತ ಅಂತ ಅಲ್ಲಿನ ಸಿದ್ದಿಗಳು ನಂಬ್ತಾರೆ. ಆ ಸಮುದಾಯದ ಫಕೀರರ ಕೈಲಿರೋ ವಾದ್ಯದ ಹೆಸರು "ಮಲುಂಗಾ". ಉದ್ದ ಬಿಲ್ಲು. ಒಂದು ತಂತಿ. ಸೋರೆಬುರುಡೆ. ಕಡ್ಡಿ. ಮನೆ ಮನೆ ಮುಂದೆ ನಿಂತು, ಸಂತನ ಹೆಸರು ಹಾಡಿ, ಭಿಕ್ಷೆ ಪಡೆಯುವಾಗ ನುಡಿಸ್ತಿದ್ದದ್ದು. ಬಾವಾ ಗೋರ್‌ನ ತಂಗಿ ಮಾಯಿ ಮಿಶ್ರಾಳ ಹೆಸರಲ್ಲಿ ತೆಂಗಿನ ಚಿಪ್ಪಿನ ಗಿಲಕಿಯೂ ಇದೆ.

ಫೋಟೋ ನೋಡಿದಾಗ ನಾನು ಮೊದಲು ನೋಡಿದ್ದು ಕುಣಿಕೆಯನ್ನ. ಇದೆ.

ಈ ಮಲುಂಗಾ ಇವತ್ತು ನುಡಿಸೋರು ತೀರಾ ಕಮ್ಮಿ. ಬೆರಿಂಬಾವ್‌ಗೆ ಆನ್‌ಲೈನ್ ಕ್ಲಾಸ್ ಇದೆ, ಅಮೆಜಾನ್‌ನಲ್ಲಿ ರೆಡಿಮೇಡ್ ಸಿಗತ್ತೆ. ಅದರ ಅಣ್ಣನೋ ತಮ್ಮನೋ ನಮ್ಮ ಪಕ್ಕದ ರಾಜ್ಯದಾಚೆ ಇದ್ದಾನೆ ಅಂತ ಪೋಲ್‌ನಲ್ಲಿ ಒಬ್ಬರೂ ಹೇಳಲಿಲ್ಲ. ನಾನೂ ಅದನ್ನ ಆಯ್ಕೆಯಾಗಿ ಕೊಟ್ಟಿರಲಿಲ್ಲ.

ಅದಕ್ಕೇ ಒಂದು ರಿಕ್ವೆಸ್ಟ್. ಈ ಪೇಜಲ್ಲಿ ಯಲ್ಲಾಪುರ, ಹಳಿಯಾಳ ಕಡೆಯವರು ಸುಮಾರು ಜನ ಇದ್ದೀರಿ, ಸಿದ್ದಿ ಗೆಳೆಯರೂ ಇದ್ದೀರಿ. ನಿಮ್ಮ ಮನೆಯ ಅಜ್ಜಿ, ಅಜ್ಜ ಹತ್ರ ಒಂದು ಸಲ ಕೇಳಿ: ಡಮಾಮಿ ಬಿಟ್ಟು, ಬಿಲ್ಲಿನ ಥರದ್ದು, ಬುರುಡೆ ಕಟ್ಟಿದ್ದು ಏನಾದ್ರೂ ಯಾರಾದ್ರೂ ನುಡಿಸ್ತಿದ್ರಾ? ಹೆಸರೇನಿತ್ತು? ಬುರುಡೆ ಎದೆಗೆ ಇಡ್ತಿದ್ರಾ, ಹೊಟ್ಟೆಗಾ? "ಇಲ್ಲ" ಅಂದ್ರೂ ಅದು ಉತ್ತರವೇ, ಬರೀರಿ. ಅವರು ಒಪ್ಪಿದ್ರೆ ಮಾತ್ರ ರೆಕಾರ್ಡ್ ಮಾಡಿ, ಅವರನ್ನ ಕೇಳದೆ ಸ್ಟೋರಿಗೆ ಹಾಕಬೇಡಿ. ಡಿಎಂ ಓಪನ್ ಇಟ್ಟಿದ್ದೀನಿ.